ಸೈಪ್ರಸ್: ಒಕ್ಕೂಟವೋ, ಎರಡು ದೇಶವೋ?

ದಕ್ಷಿಣದಲ್ಲಿ ಗ್ರೀಕ್ ಸೈಪ್ರಿಯಟರು, ಉತ್ತರದಲ್ಲಿ ಟರ್ಕಿಶ್ ಸೈಪ್ರಿಯಟರು ಎಂದು ಇಬ್ಭಾಗವಾಗಿರುವ ಸೈಪ್ರಸ್ ದ್ವೀಪಕ್ಕೆ ಒಕ್ಕೂಟ (ಎರಡೂ ಸಮುದಾಯಗಳು ಅಧಿಕಾರ ಹಂಚಿಕೊಳ್ಳುವ ಒಂದೇ ದೇಶ) ಮೇಲೋ, ಎರಡು ದೇಶಗಳ ದಾರಿ ಮೇಲೋ ಎಂದು ಕೇಳಿದ್ದೀರಿ. ಮಾನ್ಯತೆಯ ವಿಷಯದಲ್ಲಿ ಗೊಂದಲವಿಲ್ಲ. 1983ರಲ್ಲಿ ಸ್ವಾತಂತ್ರ್ಯ ಘೋಷಿಸಿಕೊಂಡ ಉತ್ತರ ಭಾಗವನ್ನು ದೇಶವೆಂದು ಒಪ್ಪಿರುವುದು ಟರ್ಕಿ ಮಾತ್ರ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಬೆಂಬಲ ಒಕ್ಕೂಟಕ್ಕೆ.

ಜನರ ಒಪ್ಪಿಗೆಯೇ ಕಗ್ಗಂಟು. 2004ರಲ್ಲಿ ಜನಮತಕ್ಕೆ ಹಾಕಿದ, ವಿಶ್ವಸಂಸ್ಥೆಯ ಆಗಿನ ಮುಖ್ಯಸ್ಥ ಕೋಫಿ ಅನ್ನಾನ್ ಅವರ ಯೋಜನೆಯೂ ಒಕ್ಕೂಟದ್ದೇ. ಸುಮಾರು 65% ಟರ್ಕಿಶ್ ಸೈಪ್ರಿಯಟರು ಅದಕ್ಕೆ ಒಪ್ಪಿದರು, ಸುಮಾರು 76% ಗ್ರೀಕ್ ಸೈಪ್ರಿಯಟರು ತಿರಸ್ಕರಿಸಿದರು. ಟರ್ಕಿಯ ಸೇನೆ ಉಳಿಯಬೇಕೇ, ಅದಕ್ಕೆ ಮಧ್ಯಪ್ರವೇಶಿಸುವ ಹಕ್ಕಿರಬೇಕೇ ಎಂಬಲ್ಲಿ 2017ರಲ್ಲಿ ಸ್ವಿಟ್ಜರ್ಲೆಂಡಿನ ಕ್ರಾನ್ಸ್-ಮೊಂಟಾನಾದಲ್ಲಿ ನಡೆದ ಮಾತುಕತೆಯೂ ಮುಗ್ಗರಿಸಿತು. ಎರಡು ದೇಶಗಳ ದಾರಿಯನ್ನಂತೂ ಗ್ರೀಕ್ ಸೈಪ್ರಿಯಟ್ ನಾಯಕತ್ವ ಚರ್ಚೆಗೇ ಒಪ್ಪುವುದಿಲ್ಲ.

ಮನೆ-ಜಮೀನಿನ ಪ್ರಶ್ನೆ ನನ್ನನ್ನು ಹೆಚ್ಚು ಕಲಕುತ್ತದೆ. 1974ರಲ್ಲಿ ಟರ್ಕಿಯ ಸೇನೆ ನುಗ್ಗಿದಾಗ ವರೋಶಾ ಎಂಬ ಕರಾವಳಿ ಬಡಾವಣೆಯಿಂದ ಓಡಿದ ಗ್ರೀಕ್ ಸೈಪ್ರಿಯಟರು ಮನೆಗೆ ಮರಳಬೇಕೆಂದಿದ್ದರೆ ಒಕ್ಕೂಟವೇ ಹೆಚ್ಚಿನ ಭರವಸೆ. ಎರಡು ದೇಶಗಳಾದರೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚುತ್ತದೆ. ಆದರೆ 1963ರಲ್ಲಿ ಎರಡು ಸಮುದಾಯಗಳ ನಡುವಿನ ಹಿಂಸೆಯನ್ನು ಕಂಡ ಟರ್ಕಿಶ್ ಸೈಪ್ರಿಯಟರಿಗೆ ಬಹುಸಂಖ್ಯಾತ ಗ್ರೀಕ್ ಸೈಪ್ರಿಯಟರ ಕೈಕೆಳಗೆ ಬಾಳುವ ಭಯ ಸುಳ್ಳಲ್ಲ. ಸ್ವಂತ ಆಡಳಿತವೇ ಮುಖ್ಯವೆನ್ನುವವರಿಗೆ ಎರಡು ದೇಶಗಳ ವಾದ ಹತ್ತಿರವೆನಿಸುತ್ತದೆ, ಟರ್ಕಿಯ ಮೇಲಿನ ಅವಲಂಬನೆ ಅದರ ಬೆಲೆ. ಯುರೋಪಿಯನ್ ಒಕ್ಕೂಟದ ಮಾರುಕಟ್ಟೆ ಬೇಕೆನ್ನುವ ಉತ್ತರದ ಯುವಕರಿಗೆ ಸೈಪ್ರಸ್ ಒಂದಾಗುವ ಒಕ್ಕೂಟವೇ ಹೆಚ್ಚು ಕೊಡುತ್ತದೆ.