ಚೇಂಬರ್ ನೋಡದೆ ಸೈಟ್ ತಿರುಗಿಸುವವರ ಕೈಗೆ ಪಿಸ್ತೂಲು ಕೊಡಬೇಡಿ

ಪಾಯಿಂಟ್ 22 ರಿಮ್‌ಫೈರ್ ಪಿಸ್ತೂಲಿನಲ್ಲಿ (ತಳದಂಚಿಗೆ ಏಟು ಬಿದ್ದಾಗ ಹಾರುವ ಸಣ್ಣ ತೋಟಾ ಬಳಸುವ ಪಿಸ್ತೂಲು) ಗುರಿ ಅಭ್ಯಾಸ ಕಲಿಯಲು ಹೊರಟವರಿಗೆ, ಅದಕ್ಕಿಂತ ಮುಖ್ಯವಾಗಿ ಮಕ್ಕಳನ್ನು ಅಂತಹ ತರಬೇತಿಗೆ ಸೇರಿಸಬೇಕೆಂದಿರುವ ತಂದೆತಾಯಂದಿರಿಗೆ, ನಮ್ಮ ರಾಜ್ಯದ ಒಂದು ಖಾಸಗಿ ತರಬೇತಿ ಕೇಂದ್ರದಲ್ಲಿ ನನ್ನ ಕಣ್ಣೆದುರೇ ನಡೆದ ಘಟನೆಯನ್ನು ತಿಳಿಸಲೇಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಸೈಟ್, ಅಂದರೆ ಪಿಸ್ತೂಲಿನ ಮೇಲಿರುವ ಗುರಿ ನೋಡುವ ಸಾಧನ, ಸರಿಪಡಿಸಿಕೊಡುತ್ತೇನೆಂದು ಪಿಸ್ತೂಲು ತೆಗೆದುಕೊಂಡ ತರಬೇತುದಾರರು ತೋಟಾ ಕೂರುವ ಚೇಂಬರಿನೊಳಗೆ ಕಣ್ಣು ಹಾಯಿಸದೆ ಟ್ರಿಗರ್ ಒತ್ತಿದರು. ಗುಂಡು ಕಾಂಕ್ರೀಟ್ ನೆಲಕ್ಕೆ ಬಡಿದು ಒಡೆದು, ಪಕ್ಕದ ಲೇನಿನಲ್ಲಿ ತನ್ನ ಸರದಿಗಾಗಿ ಕುಳಿತಿದ್ದ ಹೈಸ್ಕೂಲು ಹುಡುಗನೊಬ್ಬನ ಮೊಣಕಾಲಿನ ಕೆಳಗೆ ಸೀಸದ ಚೂರೊಂದು ಹೊಕ್ಕಿತು. ವೈದ್ಯರು ಚೂರನ್ನು ತೆಗೆದು ಹೊಲಿಗೆ ಹಾಕಿದರು. ಹುಡುಗ ಈಗ ಆರೋಗ್ಯವಾಗಿದ್ದಾನೆ. ಆದರೆ ಅವನು ಆ ಹೊತ್ತಿನಲ್ಲಿ ರಕ್ಷಣಾ ಕನ್ನಡಕ ಹಾಕಿರಲಿಲ್ಲ ಎಂಬುದನ್ನು ನೆನೆದರೆ ನನಗೆ ಇಂದಿಗೂ ಕೈಕಾಲು ತಣ್ಣಗಾಗುತ್ತದೆ.

ನಮ್ಮಲ್ಲಿ ಹೆಚ್ಚಿನವರು 10 ಮೀಟರ್ ಏರ್ ಪಿಸ್ತೂಲಿನಿಂದ ಆರಂಭಿಸಿ ಆಮೇಲೆ 25 ಮೀಟರಿನ ಪಾಯಿಂಟ್ 22 ಪಿಸ್ತೂಲಿಗೆ ಬರುತ್ತಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಏರ್ ಪಿಸ್ತೂಲಿನಲ್ಲಿ ಎರಡು ಕಂಚು ಗೆದ್ದು, 25 ಮೀಟರ್ ಪಿಸ್ತೂಲಿನಲ್ಲಿ ನಾಲ್ಕನೆಯವರಾದ ಮೇಲೆ ನಾನಿದ್ದ ಕೇಂದ್ರಕ್ಕೂ ಹೊಸಬರು ಬಹಳ ಮಂದಿ ಬಂದರು. ಎರಡೂ ಪಿಸ್ತೂಲೇ, ಎರಡನ್ನೂ ಒಂದೇ ಕೈಯಲ್ಲಿ ಹಿಡಿಯುವುದು, ಸೈಟ್‌ಗಳ ರಚನೆಯೂ ಹೆಚ್ಚು ಕಡಿಮೆ ಒಂದೇ. ಹೀಗಾಗಿ ಏರ್ ಪಿಸ್ತೂಲಿನ ಸಲುಗೆಯೂ ಅವರ ಜೊತೆಗೇ ಬಂದುಬಿಡುತ್ತದೆ. ಏರ್ ಪಿಸ್ತೂಲಿನ ಅರ್ಧ ಗ್ರಾಂ ಪೆಲೆಟ್ಟಿನಲ್ಲಿ ಇರುವ ಶಕ್ತಿ ಆರು ಜೂಲ್ ಆಸುಪಾಸಿನದು. ಪಾಯಿಂಟ್ 22 ಲಾಂಗ್ ರೈಫಲ್ ತೋಟಾದ 2.6 ಗ್ರಾಂ ಸೀಸದ ಗುಂಡು ಪಿಸ್ತೂಲಿನ ನಳಿಗೆಯಿಂದ ಹೊರಬರುವಾಗ ಅದರಲ್ಲಿ ನೂರು ಜೂಲ್ ಮೀರಿದ ಶಕ್ತಿ ಇರುತ್ತದೆ. ಬಯಲಿನಲ್ಲಿ ಹಾರಿದರೆ ಒಂದು ಕಿಲೋಮೀಟರಿನಾಚೆಗೂ ಅದು ಅಪಾಯಕಾರಿ. ಏರ್ ಪಿಸ್ತೂಲು ಬಳಸಿ ಪಳಗಿದ ಮಾತ್ರಕ್ಕೆ ಒಬ್ಬ ತರಬೇತುದಾರ ಇದನ್ನೂ ಕಲಿಸಬಲ್ಲ ಎಂದು ಪೋಷಕರು ಭಾವಿಸಬಾರದು.

ಆ ಕೇಂದ್ರದಲ್ಲಿ ಅಪಘಾತಕ್ಕೆ ಬಹಳ ಮೊದಲೇ ನನ್ನನ್ನು ಕಾಡಿದ ಸಂಗತಿ ಸೈಟ್ ಸ್ಕ್ರೂಗಳನ್ನು ತಿರುಗಿಸುತ್ತಿದ್ದ ರೀತಿ. ಕಲಿಯುವವರು ಎರಡು ಗುಂಡು ಹಾರಿಸಿ ಎರಡೂ ಎಡಗೆಳಗೆ ಬಿದ್ದವೆಂದರೆ ಸಾಕು, ತರಬೇತುದಾರರು ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು ಹಿಂಬದಿ ಸೈಟನ್ನು ನಾಲ್ಕಾರು ಕ್ಲಿಕ್ (ಸ್ಕ್ರೂ ತಿರುಗುವ ಒಂದೊಂದು ಹೆಜ್ಜೆ) ಬಲಕ್ಕೂ ಮೇಲಕ್ಕೂ ಸರಿಸುತ್ತಿದ್ದರು. ಬಲಗೈಯವರ ಗುಂಡು ಎಡಗೆಳಗೆ ಬೀಳುವುದು ಬಹುಪಾಲು ಟ್ರಿಗರನ್ನು ನೇರವಾಗಿ ಹಿಂದಕ್ಕೆ ಒತ್ತದೆ ಥಟ್ಟನೆ ಎಳೆದಾಗ, ಇಲ್ಲವೇ ಗುಂಡಿನ ಸದ್ದಿಗೆ ಮುಂಚಿತವಾಗಿಯೇ ಮಣಿಕಟ್ಟು ಕುಸಿದಾಗ. ಆ ದೋಷ ಇರುವುದು ಕೈಯಲ್ಲಿ. ತಿರುಗುತ್ತಿದ್ದುದು ಪಿಸ್ತೂಲಿನ ಸ್ಕ್ರೂ. ಮಾರನೆಯ ಬ್ಯಾಚಿನವರು ಅದೇ ಪಿಸ್ತೂಲು ಹಿಡಿದಾಗ ಅವರ ಗುಂಡುಗಳು ಬೇರೆಲ್ಲೋ ಬೀಳುತ್ತಿದ್ದವು, ಸ್ಕ್ರೂ ಮತ್ತೆ ತಿರುಗುತ್ತಿತ್ತು. ಆ ಪಿಸ್ತೂಲಿನ ಸೈಟ್ ನಿಜವಾಗಿ ಎಲ್ಲಿ ನಿಲ್ಲಬೇಕೆಂಬುದು ಆ ಕೇಂದ್ರದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹೊಸಬರು ಇದರ ಹಿಂದಿನ ಲೆಕ್ಕವನ್ನು ಒಮ್ಮೆ ಅರ್ಥ ಮಾಡಿಕೊಂಡರೆ ಯಾರೂ ಅವರನ್ನು ದಾರಿ ತಪ್ಪಿಸಲಾರರು. 25 ಮೀಟರ್ ಸ್ಪರ್ಧೆಯಲ್ಲಿ ಮುಂಬದಿ ಮತ್ತು ಹಿಂಬದಿ ಸೈಟ್‌ಗಳ ನಡುವಿನ ಅಂತರ 220 ಮಿಲಿಮೀಟರ್ ಮೀರುವಂತಿಲ್ಲ. ಆ ಅಂತರದ ಪಿಸ್ತೂಲಿನಲ್ಲಿ ಹಿಂಬದಿ ಸೈಟನ್ನು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಸರಿಸಿದರೂ 25 ಮೀಟರ್ ಆಚೆಯ ಗುರಿಹಲಗೆಯ ಮೇಲೆ ಗುಂಡು ಸುಮಾರು 11 ಮಿಲಿಮೀಟರ್ ಸರಿಯುತ್ತದೆ. ಅದೇ ರೀತಿ, ಕೈಯಲ್ಲಿ ಹಿಡಿದಾಗ ಮುಂಬದಿ ಸೈಟ್ ಹಿಂಬದಿಯ ಕಚ್ಚಿನ ನಡುವಿನಿಂದ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ವಾಲಿದರೆ ಗುಂಡು 11 ಸೆಂಟಿಮೀಟರಿಗೂ ಹೆಚ್ಚು ದೂರ ಹೋಗಿ, ಕಪ್ಪು ವೃತ್ತದ ಹೊರಗೆ 6 ಅಂಕದ ವಲಯದಲ್ಲಿ ಬೀಳುತ್ತದೆ. ಆದರೆ ಎರಡು ಸೈಟ್‌ಗಳ ಹೊಂದಾಣಿಕೆ ಕೆಡದೆ ಇಡೀ ಕೈಯೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಗುಂಡು ಸರಿಯುವುದೂ ಒಂದೇ ಮಿಲಿಮೀಟರ್. ಕೈ ನಡುಗುತ್ತದೆಯೆಂದು ಹೆದರುವ ಮಕ್ಕಳಿಗೆ ಮೊದಲು ಹೇಳಿಕೊಡಬೇಕಾದ ಪಾಠ ಇದು. ಅಲ್ಲಿ ಅದನ್ನು ಯಾರೂ ಹೇಳಿಕೊಡಲಿಲ್ಲ. ಬದಲಿಗೆ ‘ಈ ಪಿಸ್ತೂಲಿನ ಸೈಟ್ ಕೆಟ್ಟಿದೆ’ ಎಂಬ ನೆಪವನ್ನು ಕಲಿಸಿದರು.

ಸ್ಕ್ರೂ ತಿರುಗಿಸುವುದರಲ್ಲಿಯೂ ಒಂದು ಗೊಂದಲವಿತ್ತು. ಅಮೆರಿಕದ ಹಲವು ಪಿಸ್ತೂಲುಗಳಲ್ಲಿ ಸ್ಕ್ರೂ ಪಕ್ಕದ ಬಾಣದ ಗುರುತು ಗುಂಡು ಯಾವ ಕಡೆಗೆ ಸರಿಯುತ್ತದೆ ಎಂಬುದನ್ನು ಸೂಚಿಸಿದರೆ, ಜರ್ಮನ್ ಪಿಸ್ತೂಲುಗಳಲ್ಲಿ ಅದೇ ಜಾಗದಲ್ಲಿರುವ ಅಕ್ಷರ ಸಾಮಾನ್ಯವಾಗಿ ಗುಂಡು ಈಗ ಯಾವ ಕಡೆಗೆ ತಪ್ಪಿ ಬೀಳುತ್ತಿದೆ ಎಂಬುದನ್ನು ಸೂಚಿಸುತ್ತದೆ. ಅಂದರೆ ಬಲಕ್ಕೆ ಬೀಳುತ್ತಿದ್ದರೆ ಬಲದ ಗುರುತಿನತ್ತಲೇ ತಿರುಗಿಸಬೇಕು. ಕೇಂದ್ರದಲ್ಲಿ ಎರಡೂ ಬಗೆಯವು ಇದ್ದವು. ಯಾವುದರ ಕೈಪಿಡಿಯೂ ಅಲ್ಲಿರಲಿಲ್ಲ. ಸಾಲದೆಂಬಂತೆ ಬೇರೆ ಬೇರೆ ತಯಾರಿಕೆಯ ತೋಟಾಗಳನ್ನು ಒಂದೇ ಡಬ್ಬಿಗೆ ಸುರಿದು ಹಂಚುತ್ತಿದ್ದರು. ತೋಟಾ ಬದಲಾದರೆ ವೇಗ ಬದಲಾಗುತ್ತದೆ, ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಅಂತಹ ಮಿಶ್ರಣದಿಂದ ಸೈಟ್ ಹೊಂದಿಸುವುದು ಯಾರಿಂದಲೂ ಆಗದ ಕೆಲಸ.

ಘಟನೆ ನಡೆದದ್ದು ಒಂದು ಭಾನುವಾರದ ಬೆಳಗ್ಗೆ. ಕಾಲೇಜು ವಿದ್ಯಾರ್ಥಿನಿಯೊಬ್ಬಳು ಗುಂಡುಗಳ ಸರಣಿಯ ನಡುವೆ ಟ್ರಿಗರ್ ಒತ್ತಿದಾಗ ಟಕ್ಕೆಂಬ ಸದ್ದಷ್ಟೇ ಬಂತು, ಗುಂಡು ಹಾರಲಿಲ್ಲ. ಅವಳು ನಳಿಗೆಯನ್ನು ಗುರಿಯ ಕಡೆಗೇ ಇಟ್ಟುಕೊಂಡು ಎಡಗೈ ಎತ್ತಿ ನಿಂತಳು. ಮಾಡಬೇಕಾದದ್ದನ್ನೇ ಸರಿಯಾಗಿ ಮಾಡಿದ್ದಳು. ತರಬೇತುದಾರರು ಬಂದು ತಕ್ಷಣವೇ ಪಿಸ್ತೂಲು ತೆಗೆದುಕೊಂಡರು, ತೋಟಾ ತುಂಬಿದ ಮ್ಯಾಗಜೀನ್ ಎಳೆದು ಮೇಜಿನ ಮೇಲಿಟ್ಟರು, ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟನ್ನು ಒಮ್ಮೆ ಸರಕ್ಕನೆ ಹಿಂದಕ್ಕೆಳೆದು ಬಿಟ್ಟರು. ಹೊರಗೆ ಏನೂ ಬೀಳಲಿಲ್ಲ. ಹಾರದೆ ಉಳಿದ ತೋಟಾ ಚೇಂಬರಿನಲ್ಲಿ ಇದ್ದೇ ಇರಬೇಕಾದ ಹೊತ್ತಿನಲ್ಲಿ ಬೋಲ್ಟ್ ಎಳೆದರೂ ಅದು ಹೊರಬೀಳದಿದ್ದರೆ ಅದು ಒಳಗೇ ಸಿಕ್ಕಿಕೊಂಡಿದೆ ಎಂದರ್ಥ. ಅವರು ಅದನ್ನೇ ಖಾಲಿಯಾಗಿರುವುದಕ್ಕೆ ಸಾಕ್ಷಿ ಎಂದುಕೊಂಡರು. ‘ಮೊದಲಿನೆರಡು ಗುಂಡೂ ಎಡಕ್ಕೆ ಹೋಗಿವೆ, ಸೈಟ್ ನೋಡೋಣ’ ಎನ್ನುತ್ತಾ ಪಿಸ್ತೂಲನ್ನು ಅಡ್ಡ ತಿರುಗಿಸಿ ಸ್ಕ್ರೂ ತಿರುಗಿಸತೊಡಗಿದರು. ಆ ಹೊತ್ತಿನಷ್ಟೂ ನಳಿಗೆ ಪಕ್ಕದ ಲೇನಿನತ್ತ ಮುಖ ಮಾಡಿತ್ತು. ನಾನು ಮತ್ತು ಇನ್ನೊಬ್ಬರು ಏಕಕಾಲಕ್ಕೆ ಕೂಗಿದೆವು. ಅವರು ನಗುತ್ತಲೇ ನಳಿಗೆಯನ್ನು ನೆಲದತ್ತ ಇಳಿಸಿ, ‘ಖಾಲಿ ಇದೆ, ನೋಡಿ’ ಎಂದು ಟ್ರಿಗರ್ ಒತ್ತಿದರು.

ರಿಮ್‌ಫೈರ್ ತೋಟಾದ ರಚನೆ ತಿಳಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಅದರಲ್ಲಿ ಹೊತ್ತಿಕೊಳ್ಳುವ ರಾಸಾಯನಿಕ ನಡುವೆ ಇರುವುದಿಲ್ಲ. ಹಿತ್ತಾಳೆ ಕೊಳವೆಯ ತಳದಂಚಿನ ಒಳಮಡಿಕೆಯಲ್ಲಿ ಸುತ್ತಲೂ ಹರಡಿರುತ್ತದೆ. ಎಲ್ಲಾದರೂ ಒಂದು ಕಡೆ ಅದು ತೆಳುವಾಗಿದ್ದು, ಫೈರಿಂಗ್ ಪಿನ್ ಅಲ್ಲಿಯೇ ಬಡಿದರೆ ತೋಟಾ ಹಾರುವುದಿಲ್ಲ. ತೋಟಾ ತುಸು ಹೊರಳಿದರೆ, ಅಥವಾ ಎರಡನೆಯ ಏಟು ಇನ್ನಷ್ಟು ಬಲವಾಗಿ ಬಿದ್ದರೆ, ಅದೇ ತೋಟಾ ಹಾರಿಬಿಡಬಹುದು. ಬೋಲ್ಟ್ ಎಳೆದಾಗ ತೋಟಾವನ್ನು ಹಿಡಿದೆಳೆಯಬೇಕಾದ ಸಣ್ಣ ಕೊಕ್ಕೆ ಸೀಸ ಮತ್ತು ಮೇಣದ ಮಸಿಯಿಂದ ಕಟ್ಟಿಕೊಂಡಿದ್ದರೆ ಅಂಚಿನ ಮೇಲಿಂದ ಜಾರಿ ಬರಿಗೈಯಲ್ಲಿ ಹಿಂದಿರುಗುತ್ತದೆ. ಪಿನ್ನಿಗೆ ಬಡಿಯುವ ಹ್ಯಾಮರ್ ಮಾತ್ರ ಮತ್ತೆ ಸಜ್ಜಾಗಿರುತ್ತದೆ. ಆ ದಿನ ಆದದ್ದು ಅದೇ. ಆ ಪಿಸ್ತೂಲನ್ನು ಬಿಚ್ಚಿ ಒರೆಸಿದ್ದನ್ನು ಅಲ್ಲಿ ಕಲಿಯುತ್ತಿದ್ದ ಯಾರೂ ನೋಡಿರಲಿಲ್ಲ.

ಇಂತಹ ಹೊತ್ತಿನಲ್ಲಿ ನಡೆದುಕೊಳ್ಳಬೇಕಾದ ಕ್ರಮ ಕಷ್ಟದ್ದೇನಲ್ಲ. ಕೆಲವೊಮ್ಮೆ ತೋಟಾ ತಡವಾಗಿ ಹೊತ್ತಿಕೊಳ್ಳುವುದುಂಟಾದ್ದರಿಂದ ನಳಿಗೆಯನ್ನು ಗುರಿಯ ಕಡೆಗೇ ಇಟ್ಟು ಕನಿಷ್ಠ 30 ಸೆಕೆಂಡು ಕಾಯಬೇಕು. ಆಮೇಲೆ ಮ್ಯಾಗಜೀನ್ ತೆಗೆದು, ಬೋಲ್ಟನ್ನು ಹಿಂದಕ್ಕೆ ನಿಲ್ಲಿಸಿ, ಚೇಂಬರಿನೊಳಗೆ ಕಣ್ಣಿಟ್ಟು ನೋಡಬೇಕು. ತೋಟಾ ಕೈಗೆ ಸಿಗುವ ತನಕ ಪಿಸ್ತೂಲು ತುಂಬಿದೆಯೆಂದೇ ತಿಳಿಯಬೇಕು. ಚೇಂಬರ್ ಖಾಲಿಯಾದ ಮೇಲೆ ಅದರಲ್ಲಿ ಎದ್ದು ಕಾಣುವ ಬಣ್ಣದ ಸುರಕ್ಷಾ ಫ್ಲ್ಯಾಗ್ ಸಿಕ್ಕಿಸಬೇಕು. ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮಾವಳಿಯೂ ಆ ಫ್ಲ್ಯಾಗನ್ನು ಕಡ್ಡಾಯ ಮಾಡಿದೆ. ಆ ಕೇಂದ್ರದಲ್ಲಿ ಒಂದೇ ಒಂದು ಫ್ಲ್ಯಾಗ್ ಇರಲಿಲ್ಲ. ಖಾಲಿ ಪಿಸ್ತೂಲೆಂದು ತೋರಿಸಲು ಟ್ರಿಗರ್ ಒತ್ತುವುದಂತೂ ಇನ್ನೊಂದು ಕಾರಣಕ್ಕೂ ಕೆಟ್ಟ ರೂಢಿ: ಹಲವು ರಿಮ್‌ಫೈರ್ ಪಿಸ್ತೂಲುಗಳಲ್ಲಿ ತೋಟಾ ಇಲ್ಲದೆ ಒತ್ತಿದರೆ ಪಿನ್ನಿನ ಏಟು ನೇರ ಚೇಂಬರಿನ ಅಂಚಿಗೆ ಬಿದ್ದು ಅಲ್ಲಿ ಕಚ್ಚು ಮೂಡುತ್ತದೆ.

ಹುಡುಗನ ತಂದೆಯೊಂದಿಗೆ ನಾವು ಕೆಲವರು ಹೋಗಿ ಕೇಳಿದಾಗ ಕೇಂದ್ರದವರು ಕೊಟ್ಟ ಉತ್ತರ, ‘ಆ ಡಬ್ಬಿಯ ತೋಟಾಗಳೇ ಕಳಪೆ’ ಎಂಬುದು. ಕಳಪೆ ತೋಟಾ ಮೊದಲ ಏಟಿಗೆ ಹಾರದಿದ್ದುದಕ್ಕೆ ಕಾರಣವಾದೀತು; ಒಬ್ಬ ಮನುಷ್ಯ ಅದನ್ನು ನೋಡದೆ ನೆಲಕ್ಕೆ ಹಾರಿಸಿದ್ದಕ್ಕೆ ಕಾರಣವಾಗದು. ಘಟನೆಯನ್ನು ರಿಜಿಸ್ಟರಿನಲ್ಲಿ ಬರೆದಿರಲಿಲ್ಲ. ಅದೇ ತರಬೇತುದಾರರು ಮುಂದಿನ ವಾರವೂ ಅದೇ ಲೇನಿನಲ್ಲಿ ಮಕ್ಕಳಿಗೆ ಕಲಿಸುತ್ತಿದ್ದರು. ನಮ್ಮಲ್ಲಿ ಕೆಲವರು ಅಂದೇ ಹೊರಬಿದ್ದೆವು.

ಆ ವಿದ್ಯಾರ್ಥಿನಿ ಆಮೇಲೆ ಬೇರೊಂದು ಕ್ಲಬ್ಬು ಸೇರಿದಳು. ಅಲ್ಲಿನ ಹಿರಿಯ ಶೂಟರ್ ಒಬ್ಬರು ಮೊದಲು ಅವಳಿಗೆ ಕೊಡಲಿದ್ದ ಪಿಸ್ತೂಲನ್ನು ಮರಳುಚೀಲದ ಮೇಲಿಟ್ಟು, ಒಂದೇ ಬಗೆಯ ತೋಟಾದಿಂದ ಐದೈದು ಗುಂಡುಗಳ ಗುಂಪುಗಳನ್ನು ಹಾರಿಸಿ, ಗುಂಪುಗಳ ನಡುಬಿಂದು ಎಲ್ಲಿದೆಯೆಂದು ಅಳೆದು, ಆಮೇಲಷ್ಟೇ ಸ್ಕ್ರೂ ಮುಟ್ಟಿದರು. ಗುಂಡು ಎತ್ತ ಸರಿಯಬೇಕೋ ಹಿಂಬದಿ ಸೈಟನ್ನು ಅತ್ತ ಸರಿಸಬೇಕು, ಮುಂಬದಿಯದಾದರೆ ಅದಕ್ಕೆ ವಿರುದ್ಧ ದಿಕ್ಕಿಗೆ ಎಂದು ಅವಳ ಕೈಯಿಂದಲೇ ಮಾಡಿಸಿದರು. ಎಷ್ಟು ಕ್ಲಿಕ್ ತಿರುಗಿತೆಂದು ನೋಟ್‌ಬುಕ್ಕಿನಲ್ಲಿ ಬರೆಸಿದರು. ಪ್ರತಿ ಸಲ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಮ್ಯಾಗಜೀನ್ ಹೊರಗೆ, ಬೋಲ್ಟ್ ಹಿಂದಕ್ಕೆ, ಫ್ಲ್ಯಾಗ್ ಒಳಗೆ, ನಳಿಗೆ ಗುರಿಯತ್ತ. ಮರಳುಚೀಲದ ಮೇಲೆ ನಡುವಿಗೇ ಬೀಳುತ್ತಿದ್ದ ಗುಂಡುಗಳು ಅವಳ ಕೈಯಲ್ಲಿ ಮತ್ತೆ ಎಡಗೆಳಗೆ ಬಿದ್ದಾಗ ಅವರು ಸೈಟನ್ನು ಮುಟ್ಟಲಿಲ್ಲ. ಟ್ರಿಗರ್ ಮೇಲೆ ಬೆರಳು ಕೂರುವ ಜಾಗವನ್ನು ತಿದ್ದಿದರು. ಈಗ ಅವಳ ಗುಂಡುಗಳು ಒಂದೆಡೆ ಕೂಡಿ ಬೀಳುತ್ತಿವೆ.

ತರಬೇತಿಗೆ ಹಣ ಕಟ್ಟುವ ಮುನ್ನ ಒಂದು ಇಡೀ ಸರಣಿ ಮುಗಿಯುವವರೆಗೆ ಹಿಂದೆ ಕುಳಿತು ನೋಡಲು ಬಿಡಿ ಎಂದು ಕೇಳಿ. ಬಿಡದಿದ್ದರೆ ಅಲ್ಲಿಂದ ಹೊರಡಿ. ಬಿಟ್ಟರೆ, ಮೇಜಿನ ಮೇಲಿರುವ ಪ್ರತಿ ಪಿಸ್ತೂಲಿನ ಬೋಲ್ಟ್ ತೆರೆದಿದೆಯೇ, ಫ್ಲ್ಯಾಗ್ ಕಾಣುತ್ತಿದೆಯೇ, ಕಾಯುತ್ತ ಕುಳಿತವರೂ ಕನ್ನಡಕ ಮತ್ತು ಕಿವಿರಕ್ಷಕ ಧರಿಸಿದ್ದಾರೆಯೇ, ಗುರಿಹಲಗೆ ಬದಲಿಸಲು ಯಾರಾದರೂ ಮುಂದೆ ಹೋದಾಗ ಉಳಿದವರೆಲ್ಲರೂ ಪಿಸ್ತೂಲಿನಿಂದ ಕೈ ತೆಗೆಯುತ್ತಾರೆಯೇ ನೋಡಿ. ಗುಂಡು ಹಾರದಿದ್ದಾಗ ಇಲ್ಲಿ ಏನು ಮಾಡುತ್ತೀರಿ ಎಂದು ತರಬೇತುದಾರರನ್ನೇ ಕೇಳಿ. ತೊದಲದೆ ಉತ್ತರಿಸಬಲ್ಲವರಿಗೆ ಮಾತ್ರ ಮಕ್ಕಳನ್ನು ಒಪ್ಪಿಸಿ. ಪಾಯಿಂಟ್ 22 ಪಿಸ್ತೂಲು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕಾದ ಆಯುಧ. ಹಾಗಾಗಿ ಇಂತಹ ಘಟನೆ ನಡೆದಾಗ ಕೇಂದ್ರದ ಮಾತಿಗೆ ಸುಮ್ಮನಾಗದೆ, ದಿನಾಂಕ, ಸಮಯ, ಕಂಡವರ ಹೆಸರು ಮತ್ತು ವೈದ್ಯರ ಚೀಟಿಯ ಪ್ರತಿಯೊಂದಿಗೆ ಪರವಾನಗಿ ನೀಡುವ ಅಧಿಕಾರಿಗೆ, ಅಂದರೆ ಕಮಿಷನರೇಟ್ ಇರುವ ನಗರಗಳಲ್ಲಿ ಪೊಲೀಸ್ ಕಮಿಷನರ್ ಕಚೇರಿಗೆ, ಉಳಿದೆಡೆ ಜಿಲ್ಲಾಧಿಕಾರಿಗಳ ಕಚೇರಿಗೆ, ಲಿಖಿತ ದೂರು ಕೊಡಿ. ಹುಡುಗನ ತಂದೆ ಕೊಟ್ಟಿದ್ದಾರೆ. ನಾನು ಅದರಲ್ಲಿ ಸಾಕ್ಷಿಯಾಗಿ ಸಹಿ ಹಾಕಿದ್ದೇನೆ.