ಮೂರು ಕಾದಂಬರಿ 399 ರೂಪಾಯಿ ಅಂದರೆ ದುಡ್ಡು ಹಾಕುವ ಮೊದಲು ಇದನ್ನು ಓದಿ

ಕನ್ನಡದ ಮೂರು ಹೆಸರಾಂತ ಕಾದಂಬರಿಗಳು, ಒಟ್ಟು 399 ರೂಪಾಯಿ, ಮನೆ ಬಾಗಿಲಿಗೇ ಬರುತ್ತವೆ. ಇಂಥ ಜಾಹೀರಾತು ನಿಮ್ಮ ಮೊಬೈಲಿಗೂ ಬಂದಿರಬಹುದು. ಶಿರಸಿಯ ನಮ್ಮ ಮನೆಗೆ ಬಂದ ಕಟ್ಟಿನಲ್ಲಿ ಕಾರಂತರ ‘ಮರಳಿ ಮಣ್ಣಿಗೆ’, ‘ಬೆಟ್ಟದ ಜೀವ’, ಯಶವಂತ ಚಿತ್ತಾಲರ ‘ಶಿಕಾರಿ’ ಇದ್ದವು. ಮೂರೂ ನಕಲಿ ಪ್ರತಿಗಳು. ದುಡ್ಡು ಹೋಗಿದ್ದಕ್ಕಿಂತ ಓದು ಕೆಟ್ಟಿದ್ದೇ ನನಗೆ ಜಾಸ್ತಿ ಸಂಕಟ.

‘ಮರಳಿ ಮಣ್ಣಿಗೆ’ಯನ್ನು ಮೊದಲು ಎತ್ತಿಕೊಂಡವಳು ನನ್ನ ಅಣ್ಣನ ಮಗಳು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಹುಡುಗಿ. ಕನ್ನಡದಲ್ಲಿ ಇಷ್ಟು ದೊಡ್ಡ ಕಾದಂಬರಿ ಅವಳಿಗೆ ಇದೇ ಮೊದಲು. ಶುರುವಿನಲ್ಲಿ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ರಾಮ ಐತಾಳರ ಮನೆಯ ಪಾರೋತಿ, ಸರಸೋತಿ ಇಬ್ಬರೂ ಗದ್ದೆ, ಹಟ್ಟಿ, ಅಡುಗೆಮನೆ ಎಂದು ದುಡಿಯುವುದನ್ನು ಓದಿ, ‘ಅತ್ತೆ, ಇವರನ್ನು ಯಾರೂ ಕೇಳೋದೇ ಇಲ್ವಾ?’ ಎಂದು ಸಿಟ್ಟಾದಳು. ನನಗೆ ಖುಷಿಯೋ ಖುಷಿ. ಕಾರಂತರು ಆ ಹೆಂಗಸರ ಪರವಾಗಿ ಒಂದು ಭಾಷಣವನ್ನೂ ಬರೆಯುವುದಿಲ್ಲ. ಅವರು ಮಾಡುವ ಕೆಲಸವನ್ನು ಹೇಳುತ್ತಾ ಹೋಗುತ್ತಾರೆ, ಅಷ್ಟೇ. ಅದು ಇವಳಿಗೆ ಯಾರೂ ಹೇಳಿಕೊಡದೆ ತಲುಪಿತ್ತು.

ಆಮೇಲೆ ಪುಸ್ತಕ ಮೂಲೆಗೆ ಹೋಯಿತು. ಕೇಳಿದರೆ, ‘ಕತೆ ಎಲ್ಲೆಲ್ಲಿಗೋ ಹಾರುತ್ತೆ ಅತ್ತೆ, ನನ್ನ ಕನ್ನಡ ಇದಕ್ಕೆ ಸಾಲದು’ ಅಂದಳು.

ಅವಳ ಕನ್ನಡಕ್ಕೆ ಏನೂ ಆಗಿರಲಿಲ್ಲ. ಪುಟ 176 ಆದ ಮೇಲೆ ಮತ್ತೆ 161ರಿಂದ 176ರವರೆಗಿನ ಪುಟಗಳೇ ಬಂದಿದ್ದವು. ಅದಾದ ಮೇಲೆ ನೇರವಾಗಿ 193. ಪುಸ್ತಕವನ್ನು ಹದಿನಾರು ಪುಟಗಳ ಒಂದೊಂದು ಫಾರಂ ಆಗಿ ಮಡಚಿ ಜೋಡಿಸುತ್ತಾರೆ. ಇಲ್ಲಿ ಒಂದು ಫಾರಂ ಎರಡು ಸಲ ಸೇರಿ, ಮುಂದಿನದು ಬಿಟ್ಟೇ ಹೋಗಿತ್ತು. ಒಳ್ಳೆಯ ಪ್ರಕಾಶಕರ ಪುಸ್ತಕದಲ್ಲೂ ಅಪರೂಪಕ್ಕೆ ಹೀಗಾಗುತ್ತದೆ, ಆದರೆ ಅವರು ಬದಲಿ ಪ್ರತಿ ಕೊಡುತ್ತಾರೆ. ಮೂರು ತಲೆಮಾರಿನ ಈ ಕತೆಯಲ್ಲಿ ದೊಡ್ಡ ಸಂಗತಿಗಳೂ ಸದ್ದಿಲ್ಲದೆ ನಡೆದುಹೋಗುತ್ತವೆ. ಹದಿನಾರು ಪುಟ ಇಲ್ಲ ಅಂದರೆ ಮನೆಯ ಒಂದಷ್ಟು ವರ್ಷಗಳೇ ಇಲ್ಲ. ಹೊಸ ಓದುಗರು ಅದನ್ನು ಮುದ್ರಣದ ತಪ್ಪು ಅಂದುಕೊಳ್ಳುವುದಿಲ್ಲ, ತಮ್ಮ ದಡ್ಡತನ ಅಂದುಕೊಳ್ಳುತ್ತಾರೆ. ಇಲ್ಲದಿದ್ದರೆ ಕಾರಂತರಿಗೆ ಕತೆ ಹೇಳಲು ಬರುವುದಿಲ್ಲ ಅಂದುಕೊಳ್ಳುತ್ತಾರೆ. ಎರಡೂ ಅನ್ಯಾಯ ಅಲ್ವಾ?

‘ಶಿಕಾರಿ’ಯ ಪುಟಗಳು ಪೂರ್ತಿ ಇದ್ದವು. ಆದರೆ ಅದು ಅಸಲಿ ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿ ಅಚ್ಚು ಹಾಕಿದ್ದು. ಒತ್ತಕ್ಷರಗಳೆಲ್ಲ ಕಪ್ಪು ಚುಕ್ಕೆ. ಅಲ್ಪವಿರಾಮ, ಪ್ರಶ್ನೆ ಗುರುತು ಎಷ್ಟೋ ಕಡೆ ಅಳಿಸಿಹೋಗಿವೆ. ಬೇರೆ ಕಾದಂಬರಿಯಾಗಿದ್ದರೆ ಹೇಗೋ ಓದಿಕೊಳ್ಳಬಹುದಿತ್ತೇನೋ. 1979ರ ಈ ಕಾದಂಬರಿ ನಡೆಯುವುದೇ ನಾಗಪ್ಪನ ತಲೆಯೊಳಗೆ. ಮುಂಬೈನ ಕಂಪನಿಯಲ್ಲಿ ತನ್ನ ವಿರುದ್ಧ ಯಾರೋ ಬಲೆ ಬೀಸುತ್ತಿದ್ದಾರೆ ಎಂಬ ಗುಮಾನಿ, ಅದರ ಮೇಲೆ ಇನ್ನೊಂದು ಗುಮಾನಿ. ಅವನು ಕೇಳಿದ್ದು ಯಾವುದು, ಊಹಿಸಿದ್ದು ಯಾವುದು ಎಂದು ನಮಗೆ ತಿಳಿಯುವುದು ಆ ಸಣ್ಣ ಗುರುತುಗಳಿಂದಲೇ. ಆಮೇಲೆ ಸರಿಯಾದ ಪ್ರತಿಯಲ್ಲಿ ಓದಿದೆ. ಕಂಪನಿಯ ಕೆಲಸ ಮಾಡದ ನನಗೂ ನಡುಕ ಬಂತು. ಚಿತ್ತಾಲರು ಗೋಕರ್ಣದ ಹತ್ತಿರದ ಹನೇಹಳ್ಳಿಯವರು, ನಮ್ಮ ಜಿಲ್ಲೆಯವರು. ಅವರ ವಾಕ್ಯಗಳನ್ನು ಹೀಗೆ ಜಜ್ಜಿ ಮಾರುತ್ತಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

‘ಬೆಟ್ಟದ ಜೀವ’ದ ಅಚ್ಚು ಪರವಾಗಿಲ್ಲ. ಅಂಟು ಮಾತ್ರ ನಮ್ಮ ಮಳೆಗಾಲದ ಥಂಡಿಗೆ ತಡೆಯಲಿಲ್ಲ, ಹಾಳೆಗಳು ಒಂದೊಂದಾಗಿ ಕೈಗೆ ಬಂದವು.

ಮಾರಿದವರಿಗೆ ಫೋನ್ ಮಾಡಿದಾಗ ಸಿಕ್ಕ ಉತ್ತರ: ‘ಹಳೇ ಪುಸ್ತಕ ಮೇಡಂ, ಹಕ್ಕು ಮುಗಿದಿದೆ, ಯಾರು ಬೇಕಾದರೂ ಅಚ್ಚು ಹಾಕಬಹುದು.’ ಇದು ಶುದ್ಧ ಸುಳ್ಳು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಕಾರಂತರು ತೀರಿಕೊಂಡಿದ್ದು 1997ರಲ್ಲಿ. ಅಂದರೆ 2057ರ ಕೊನೆಯವರೆಗೆ ಹಕ್ಕು ಇದೆ. ಚಿತ್ತಾಲರು 2014ರಲ್ಲಿ ತೀರಿಕೊಂಡವರು, ಅವರದು 2074ರವರೆಗೆ. ಇಷ್ಟು ಹೇಳಿದ ಮೇಲೆ ನನ್ನ ನಂಬರ್ ಬ್ಲಾಕ್ ಆಯಿತು. ದುಡ್ಡು ಇವತ್ತಿಗೂ ವಾಪಸ್ ಬಂದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಮೋಸ ಹೋದವರು ನೀವೂ ಕೊಡಿ, ಸುಮ್ನೆ ಬಿಡಬೇಡಿ.

ಕೊಳ್ಳುವ ಮೊದಲು ಪುಸ್ತಕದ ಎರಡು ಫೋಟೊ ಕೇಳಿ. ಒಂದು, ಪ್ರಕಾಶಕರ ಹೆಸರು, ವಿಳಾಸ, ಮುದ್ರಣದ ವರ್ಷ, ಬೆಲೆ ಇರುವ ಪುಟದ್ದು. ಇನ್ನೊಂದು, ನಡುವಿನ ಯಾವುದಾದರೂ ಪುಟದ್ದು, ಒತ್ತಕ್ಷರ ಸ್ಪಷ್ಟವಾಗಿ ಕಾಣುವಷ್ಟು ಹತ್ತಿರದಿಂದ. ನಿಜವಾದ ಅಂಗಡಿಯವರು ಬೇಸರವಿಲ್ಲದೆ ಕಳಿಸುತ್ತಾರೆ. ಪಾರ್ಸೆಲ್ ಬಂದಾಗ ಹಣ ಕೊಡುತ್ತೇನೆ ಅಂದರೂ ಪ್ರಯೋಜನ ಕಡಿಮೆ, ಸಾಮಾನ್ಯವಾಗಿ ಹಣ ಕೊಟ್ಟ ಮೇಲೇ ಬಿಚ್ಚಲು ಬಿಡುವುದು. ಬಿಚ್ಚುವಾಗ ವಿಡಿಯೊ ಮಾಡಿ, ಪುಟಸಂಖ್ಯೆಗಳನ್ನು ಅವತ್ತೇ ನೋಡಿ. ಕೈ ಬಿಗಿ ಇದ್ದರೆ ಗ್ರಂಥಾಲಯಕ್ಕೆ ಹೋಗಿ. ಬಿಟ್ಟುಹೋದ ಪುಟಗಳು ನಮಗೆ ಸಿಕ್ಕಿದ್ದು ಶಿರಸಿಯ ಗ್ರಂಥಾಲಯದ ಹಳೆಯ ಪ್ರತಿಯಲ್ಲೇ. ಹುಡುಗಿ ಈಗ ಅದನ್ನೇ ಓದುತ್ತಿದ್ದಾಳೆ, ನಾಗವೇಣಿಯ ಕತೆಗೆ ಬಂದಿದ್ದಾಳೆ.

ಈ ವಾರ ಅದೇ ಮೂರು ಪುಸ್ತಕಗಳ ಅದೇ ಫೋಟೊ ಬೇರೆ ಹೆಸರಿನ ಪುಟದಲ್ಲಿ ಕಂಡಿತು. ಬೆಲೆಯನ್ನು 349ಕ್ಕೆ ಇಳಿಸಿದ್ದಾರೆ. ಕಾರವಾರ, ಕುಮಟಾ ಕಡೆಯ ಗೆಳತಿಯರಿಗೂ ಬಂದಿದೆಯಂತೆ. ನಿಮಗೆ ಬಂದರೆ ಆರ್ಡರ್ ಮಾಡಬೇಡಿ.