ಮುಂದೆ 225, ಹಿಂದೆ 255: ಸ್ಟ್ಯಾಗರ್ಡ್ ಚಕ್ರಗಳಿಗೆ ಆಯ್ದ ಟೈರುಗಳ ದೀರ್ಘ ಬಳಕೆಯ ವಿಮರ್ಶೆ

ನನ್ನ ಕಾರು ಹಿಂಚಕ್ರ ಚಾಲನೆಯ ಸೆಡಾನ್. ಅದರ ಮುಂದಿನ 8 ಇಂಚು ಅಗಲದ ರಿಮ್‌ಗಳಲ್ಲಿ 225/45 ಆರ್ 18, ಹಿಂದಿನ 8.5 ಇಂಚಿನ ರಿಮ್‌ಗಳಲ್ಲಿ 255/40 ಆರ್ 18 ಟೈರುಗಳು ಕಾರ್ಖಾನೆಯಿಂದಲೇ ಬಂದಿದ್ದವು. ಹೀಗೆ ಮುಂದಿಗಿಂತ ಹಿಂದೆ ಅಗಲವಾದ ಟೈರುಗಳಿರುವ ಜೋಡಣೆಯೇ ಸ್ಟ್ಯಾಗರ್ಡ್. ಅಳತೆಯ ಮೊದಲ ಅಂಕಿ ಮಿಲಿಮೀಟರಿನಲ್ಲಿ ಟೈರಿನ ಅಗಲ, ಎರಡನೆಯದು ಆ ಅಗಲದ ಶೇಕಡಾವಾರಾಗಿ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಎತ್ತರ, ಕೊನೆಯದು ಇಂಚಿನಲ್ಲಿ ರಿಮ್‌ನ ವ್ಯಾಸ. ಅವು ಸವೆದಾಗ ಬೇರೊಬ್ಬ ತಯಾರಕರ, ರನ್‌ಫ್ಲಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡಬಲ್ಲ ಟೈರು) ಅಲ್ಲದ ಟೈರುಗಳನ್ನು ಹಾಕಿಸಿದೆನಾದರೂ ಅಳತೆಯನ್ನು ಮಾತ್ರ ಬದಲಿಸಲಿಲ್ಲ. ಕೆಲವು ವರ್ಷ ಓಡಿಸಿದ ಮೇಲೆ ಆ ನಿರ್ಧಾರ ಸರಿಯೆಂದೇ ಅನಿಸುತ್ತದೆ. ಟೈರಿನ ಗುಣಕ್ಕಿಂತ ಅಳತೆಯ ಆಯ್ಕೆಯೇ ಇಲ್ಲಿ ಮುಖ್ಯವಾದ್ದರಿಂದ ತಯಾರಕರ ಹೆಸರಿನ ಗೊಡವೆಗೆ ಹೋಗುವುದಿಲ್ಲ.

ಹಿಂದಿನ ಟೈರು 30 ಮಿಲಿಮೀಟರ್ ಹೆಚ್ಚು ಅಗಲವಾಗಿದ್ದರೂ ಸೈಡ್‌ವಾಲ್ ಎತ್ತರಗಳು ಹೆಚ್ಚುಕಡಿಮೆ ಒಂದೇ: 225ರ ಶೇ. 45 ಎಂದರೆ ಸುಮಾರು 101 ಮಿ.ಮೀ., 255ರ ಶೇ. 40 ಎಂದರೆ 102. ಹೀಗಾಗಿ ಒಟ್ಟು ವ್ಯಾಸ ಮುಂದೆ 659.7 ಮಿ.ಮೀ., ಹಿಂದೆ 661.2 ಮಿ.ಮೀ. ಆಗಿ, ವ್ಯತ್ಯಾಸ ಒಂದೂವರೆ ಮಿಲಿಮೀಟರಿಗೆ ನಿಲ್ಲುತ್ತದೆ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಸಿಕ್ಕಿಬೀಳದಂತೆ ತಡೆಯುವುದು) ಮತ್ತು ಸ್ಥಿರತಾ ನಿಯಂತ್ರಣ ವ್ಯವಸ್ಥೆಗಳು ನಾಲ್ಕೂ ಚಕ್ರಗಳ ವೇಗವನ್ನು ಸದಾ ಹೋಲಿಸಿ ನೋಡುವುದರಿಂದ, ಅಗಲಕ್ಕಿಂತ ಮೊದಲು ಕಾಪಾಡಬೇಕಾದದ್ದು ಈ ಸಾಮ್ಯವನ್ನೇ.

ನೋಟಕ್ಕೆ ಮನಸೋತು ಹಿಂದೆ 265/35 ಆರ್ 18 ಹಾಕಿಸುವವರಿದ್ದಾರೆ. ಆಗ ಹಿಂದಿನ ವ್ಯಾಸ 642.7 ಮಿ.ಮೀ.ಗೆ ಇಳಿದು, ಮುಂದಿನದಕ್ಕಿಂತ 17 ಮಿ.ಮೀ. ಚಿಕ್ಕದಾಗುತ್ತದೆ, ಸಾಲದೆಂಬಂತೆ ಆ ಟೈರಿಗೆ ಕನಿಷ್ಠ 9 ಇಂಚಿನ ರಿಮ್ ಬೇಕು. 245/40 ಆರ್ 18 ಅಷ್ಟು ಕೆಟ್ಟ ಆಯ್ಕೆಯಲ್ಲ. ಅದು 8.5 ಇಂಚಿನ ರಿಮ್‌ಗೆ ಒಪ್ಪುತ್ತದೆ, ವ್ಯಾಸವೂ ಶೇ. 1ರಷ್ಟು ಮಾತ್ರ ತಗ್ಗುತ್ತದೆ. ಆದರೆ ಅದರ ಸಾಮಾನ್ಯ ಮಾದರಿಯ ಲೋಡ್ ಇಂಡೆಕ್ಸ್ (ಭಾರ ಹೊರುವ ಸಾಮರ್ಥ್ಯದ ಸಂಕೇತ) 93, ಅಂದರೆ ಟೈರೊಂದಕ್ಕೆ 650 ಕಿಲೋ. 255/40ರ ಸಾಮಾನ್ಯ ಮಾದರಿ 95, ಅಂದರೆ 690 ಕಿಲೋ. ಹಿಂದಿನ ಆಸನ ತುಂಬಿ, ಡಿಕ್ಕಿಯಲ್ಲೂ ಸಾಮಾನಿರುವ ಕಾರಿನಲ್ಲಿ ಈ ಅಂತರವನ್ನು ಕಡೆಗಣಿಸಲು ನನಗೆ ಧೈರ್ಯವಿಲ್ಲ.

ನಾಲ್ಕಕ್ಕೂ 225/45 ಹಾಕಿಸಿದರೆ ಅದಲುಬದಲು ಮಾಡಿ ಸಮವಾಗಿ ಸವೆಸಬಹುದಲ್ಲ ಎಂಬ ವಾದವೂ ಉಂಟು. ಈ ಟೈರಿಗೆ 8.5 ಇಂಚಿನ ರಿಮ್ ಗರಿಷ್ಠ ಮಿತಿಯಾದ್ದರಿಂದ ಕೂರುವುದೇನೋ ಕೂರುತ್ತದೆ. ಆದರೆ ಟೈರು ಒಂದೇ ಆದರೂ ರಿಮ್‌ಗಳ ಅಗಲ ಮತ್ತು ಆಫ್‌ಸೆಟ್ (ರಿಮ್ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಎಂಬ ಅಳತೆ) ಬೇರೆಯಾಗಿಯೇ ಉಳಿಯುವುದರಿಂದ ಪ್ರತಿ ಸಲವೂ ಟೈರನ್ನು ರಿಮ್‌ನಿಂದ ಬಿಚ್ಚಿ ಕೂರಿಸಿ ಬ್ಯಾಲೆನ್ಸ್ ಮಾಡಿಸಬೇಕು. ಮೇಲಾಗಿ ಹಿಂಭಾಗದ ಹಿಡಿತ ತಗ್ಗಿದಾಗ, ತಯಾರಕರು ಬೇಕೆಂದೇ ಇರಿಸಿದ ಅಂಡರ್‌ಸ್ಟಿಯರ್ (ತಿರುವಿನಲ್ಲಿ ಮುಂಭಾಗ ಹೊರಗೆ ಸರಿಯುವ ಗುಣ) ಕಡಿಮೆಯಾಗಿ, ಒದ್ದೆ ತಿರುವಿನಲ್ಲಿ ಕಾರಿನ ಹಿಂಭಾಗ ಜಾರುವ ಸಾಧ್ಯತೆ ಹೆಚ್ಚುತ್ತದೆ.

ಈ ಜೋಡಣೆಯ ನಿಜವಾದ ತೊಂದರೆ ಸವೆತ. ಹಿಂದಿನ ಜೋಡಿ ಮುಂದಿನದಕ್ಕಿಂತ ಬಹಳ ಬೇಗ ಸವೆಯಿತು, ಅದೂ ಒಳ ಅಂಚಿನಲ್ಲಿ ಹೆಚ್ಚಾಗಿ. ಹೊರಗಿನಿಂದ ನೋಡಿದರೆ ಟ್ರೆಡ್ (ನೆಲ ತಾಗುವ ಗೀರುಗಳ ಪದರ) ಚೆನ್ನಾಗಿಯೇ ಕಾಣುವುದರಿಂದ ಬಗ್ಗಿ ಒಳಬದಿಯನ್ನು ನೋಡುವುದು ಅನಿವಾರ್ಯ. ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವುದು) ಇರುವ ಕಾರಿನಲ್ಲಿ ಇದು ಸಹಜವಾದರೂ, ವೀಲ್ ಅಲೈನ್‌ಮೆಂಟ್ ತಪ್ಪಿದ್ದರೆ ಇನ್ನಷ್ಟು ಬೇಗ ಆಗುತ್ತದೆ. ನನ್ನವು ಅಸಿಮೆಟ್ರಿಕ್ (ಒಳಬದಿ ಹೊರಬದಿಗಳ ವಿನ್ಯಾಸ ಬೇರೆಯಿರುವ, ಉರುಳುವ ದಿಕ್ಕಿನ ಕಟ್ಟಿಲ್ಲದ) ಟೈರುಗಳಾದ್ದರಿಂದ ಒಂದೇ ಆಕ್ಸಲ್‌ನಲ್ಲಿ ಎಡಬಲ ಬದಲಿಸಲು ಬಂತು. ದಿಕ್ಕಿನ ಬಾಣವಿರುವ ಟೈರುಗಳಲ್ಲಿ ರಿಮ್‌ನಿಂದ ಬಿಚ್ಚದೆ ಅದೂ ಸಾಧ್ಯವಿಲ್ಲ.

ಹಿಂದಿನ ಎರಡನ್ನು ಮಾತ್ರ ಬದಲಿಸುವಾಗ ಅದೇ ಮಾದರಿಯನ್ನೇ ತಂದು ಹಾಕಿಸಿದೆ. ಹೊಸ ಟೈರಿನ 8 ಮಿ.ಮೀ. ಟ್ರೆಡ್ 1.6ಕ್ಕೆ ಇಳಿಯುವಷ್ಟರಲ್ಲಿ ವ್ಯಾಸ ಸುಮಾರು 13 ಮಿ.ಮೀ. ಕುಗ್ಗುವುದರಿಂದ, ನಾಲ್ಕು ಚಕ್ರ ಚಾಲನೆಯ ಕಾರಿನಲ್ಲಿ ಹೀಗೆ ಜೋಡಿಯಾಗಿ ಬದಲಿಸುವ ಮೊದಲು ಕೈಪಿಡಿಯಲ್ಲಿನ ಮಿತಿಯನ್ನು ನೋಡಲೇಬೇಕು.

ರನ್‌ಫ್ಲಾಟ್ ಬಿಟ್ಟಿದ್ದರಿಂದ ಹಳ್ಳಗಳಲ್ಲಿ ಕುಲುಕಾಟ ಗಮನಾರ್ಹವಾಗಿ ಇಳಿದಿದೆ. ಒರಟು ರಸ್ತೆಯಲ್ಲಿ ಹಿಂದಿನ ಟೈರುಗಳ ಗುಂಯ್ ಸದ್ದು ಸವೆದಂತೆಲ್ಲ ಹೆಚ್ಚಿತು, ಅದೊಂದು ಕಿರಿಕಿರಿ. ಸ್ಟೆಪ್ನಿಯಿಲ್ಲದ ಕಾರಾದ್ದರಿಂದ ಪಂಕ್ಚರ್ ಕಿಟ್ ಮತ್ತು ಗಾಳಿ ತುಂಬುವ ಪುಟ್ಟ ಪಂಪು ಈಗ ಡಿಕ್ಕಿಯಲ್ಲಿ ಕಾಯಂ ಆಗಿವೆ. ಮುಂದಿನ ಸಲವೂ ಇವೇ ಅಳತೆಗಳನ್ನು ಕೊಳ್ಳುತ್ತೇನೆ, ಹಿಂಭಾಗಕ್ಕೆ ಮಾತ್ರ ಲೋಡ್ ಇಂಡೆಕ್ಸ್ 99ರ ಎಕ್ಸ್‌ಟ್ರಾ ಲೋಡ್ (ಹೆಚ್ಚು ಭಾರ ಹೊರುವ) ಮಾದರಿಯನ್ನು ಕೇಳಿ ಹಾಕಿಸುವವನಿದ್ದೇನೆ.